56 ಎ.ಪಿ.ಓ. ಎಂಬ ಊರು ಹುಡುಕಿಕೊಂಡು

ಅಪ್ಪನ ಕಾಗದಗಳಲ್ಲಿ ಊರಿನ ಹೆಸರೇ ಇರುತ್ತಿರಲಿಲ್ಲ. ನಂಬರು, ಹೆಸರು, ಯೂನಿಟ್ಟು, ಕೊನೆಗೆ 'ಕೇರಾಫ್ 56 ಎ.ಪಿ.ಓ.' ಅಷ್ಟೇ. ಮೂರನೇ ಕ್ಲಾಸಿನಲ್ಲಿದ್ದಾಗ ಶಾಲೆಯ ಅಟ್ಲಾಸ್ ಹರಡಿಕೊಂಡು ಆ ಊರು ಹುಡುಕಿದ್ದೆ. ಸಿಗಲಿಲ್ಲ. ಅದು ಊರಲ್ಲ, ದಿಲ್ಲಿಯಲ್ಲಿ ಸೇನೆಯ ಟಪಾಲು ಬೇರ್ಪಡಿಸುವ ಜಾಗದ ನಂಬರು ಎಂದು ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಅಲ್ಲಿಂದ ಕಾಗದ ಯಾವ ಬೆಟ್ಟ ಹತ್ತುತ್ತದೆ ಅನ್ನುವುದು ಬರೆದವರಿಗೂ ತಿಳಿಯುವುದಿಲ್ಲ. ಅಪ್ಪನಿಗೆ ಅಸ್ಸಾಂ ಕಡೆ ಪೋಸ್ಟಿಂಗ್ ಆದಾಗ ಅದು 99 ಎ.ಪಿ.ಓ. ಆಗುತ್ತಿತ್ತು. ನನಗೆ 99 ಇಷ್ಟವಿರಲಿಲ್ಲ. 56 ಅಂದರೇನೇ ಅಪ್ಪನ ಊರು.

ಅಪ್ಪ ಮಿಲಿಟರಿಯಲ್ಲಿ ನರ್ಸು. ಸರಿಯಾಗಿ ಹೇಳಬೇಕೆಂದರೆ ಆರ್ಮಿ ಮೆಡಿಕಲ್ ಕೋರ್‌ನಲ್ಲಿ ನರ್ಸಿಂಗ್ ಅಸಿಸ್ಟೆಂಟ್. ಮಿಲಿಟರಿ ನರ್ಸಿಂಗ್ ಸರ್ವಿಸ್ ಅಂತ ಬೇರೆಯೇ ಇದೆ. ಅಲ್ಲಿರುವವರು ಹೆಂಗಸರು, ಆಫೀಸರ್ ದರ್ಜೆಯವರು. ಗಂಡಸರು ನರ್ಸಿಂಗ್ ಅಸಿಸ್ಟೆಂಟ್ ಆಗಿ ಸಿಪಾಯಿ ದರ್ಜೆಯಿಂದ ಶುರು ಮಾಡಬೇಕು. ಅಪ್ಪ 1979ರಲ್ಲಿ ಲಖನೌನಲ್ಲಿ ಟ್ರೈನಿಂಗಿಗೆ ಸೇರಿ, 2007ರಲ್ಲಿ ಸುಬೇದಾರ್ ಆಗಿ ಊರಿಗೆ ಬಂದರು. ಕೊಡಗಿನ ಶಾಂತಳ್ಳಿ ಕಡೆಯ ನಮ್ಮ ಹಳ್ಳಿಯಲ್ಲಿ ಎಲ್ಲರೂ 'ಮಿಲ್ಟ್ರಿ ಡಾಕ್ಟ್ರು' ಅನ್ನುತ್ತಿದ್ದರು. ಅಪ್ಪ ಪ್ರತಿ ಸಲವೂ ತಿದ್ದುತ್ತಿದ್ದರು. "ಡಾಕ್ಟ್ರಲ್ಲ ಮಾರಾಯ, ನರ್ಸು." ನನ್ನ ತಮ್ಮನಿಗೆ ಇದರಿಂದ ಭಾರೀ ಮುಜುಗರ. ಸ್ಕೂಲಿನಲ್ಲಿ ಹುಡುಗರು "ನಿಮ್ಮಪ್ಪ ನರ್ಸಾ? ಸೀರೆ ಉಡ್ತಾರಾ?" ಅಂತ ಕೇಳುತ್ತಿದ್ದರಂತೆ. ಅವನು ಮನೆಗೆ ಬಂದು ಅಪ್ಪನ ಟ್ರಂಕಿಗೆ ಒದ್ದಿದ್ದು ನನಗೆ ನೆನಪಿದೆ.

2022ರ ಸೆಪ್ಟೆಂಬರ್‌ನಲ್ಲಿ ಅಪ್ಪ ಹೋದರು. ಆಸ್ಪತ್ರೆಯಲ್ಲಿ ಕೊನೆಯ ದಿನವೂ ಡ್ರಿಪ್ ಹಾಕಲು ಬಂದ ಹುಡುಗನಿಗೆ "ಸ್ವಲ್ಪ ನಿಧಾನ ಬಿಡಪ್ಪಾ, ಓಡ್ತಾ ಇದೆ" ಎಂದಿದ್ದರು. ಅವರ ಟ್ರಂಕಿನಲ್ಲಿ ಸಿಕ್ಕಿದ ಒಂದು ಎಚ್‌ಎಂಟಿ ಜವಾನ್ ವಾಚು ನನ್ನ ಪಾಲಿಗೆ ಬಂತು. ದಿನಾ ಕೀ ಕೊಡಬೇಕಾದ ವಾಚು. ನನ್ನ ತಮ್ಮ ತನ್ನ ಮೊದಲ ಸಂಬಳದಲ್ಲಿ ಒಳ್ಳೆಯ ಡಿಜಿಟಲ್ ವಾಚು ತಂದುಕೊಟ್ಟಿದ್ದ. ಅಪ್ಪ ಅದನ್ನು ಹಾಗೇ ಇಟ್ಟುಬಿಟ್ಟರು. ಸೆಕೆಂಡಿನ ಮುಳ್ಳಿಲ್ಲದ ವಾಚಿನಲ್ಲಿ ನಾಡಿ ಎಣಿಸುವುದು ಹೇಗೆ ಅನ್ನುವುದು ಅವರ ವಾದ.

2024ರ ಜೂನ್ ಕೊನೆಗೆ, ಅಪ್ಪ ಕೆಲಸ ಮಾಡಿದ ಜಾಗಗಳನ್ನು ನೋಡಲು ನಾನೂ ತಮ್ಮನೂ ಕಾಶ್ಮೀರ, ಲಡಾಖ್ ಕಡೆ ಹೊರಟೆವು. ಅಮ್ಮನನ್ನೂ ಕರೆದೆವು. "ನಿಮ್ಮಪ್ಪ ಬರೋ ಬಸ್ಸು ನೋಡ್ತಾ ಇಪ್ಪತ್ತೆರಡು ವರ್ಷ ಕಳೆದಿದೀನಿ. ಹೋದ ಜಾಗ ಬೇರೆ ನೋಡ್ಬೇಕಾ?" ಎಂದರು. ಆಮೇಲೆ ಇಬ್ಬರಿಗೂ ಒಂದೊಂದು ಡಬ್ಬಿ ಉಪ್ಪಿನಕಾಯಿ ಕಟ್ಟಿಕೊಟ್ಟರು.

ಮೊದಲ ದಿನ: ಶ್ರೀನಗರ

ಲೇಹ್‌ಗೆ ವಿಮಾನದಲ್ಲೇ ಹೋಗಬಹುದು. ಆದರೆ ಬೆಂಗಳೂರಿನ ಎತ್ತರದಿಂದ ಕೆಲವೇ ತಾಸಿನಲ್ಲಿ 11,500 ಅಡಿಗೆ ಏರಿದರೆ ಮೈ ಕೇಳುವುದಿಲ್ಲ. ಅಪ್ಪ ಯಾರಿಗಾದರೂ ಹೇಳುತ್ತಿದ್ದುದು ಒಂದೇ, "ರಸ್ತೆಯಲ್ಲಿ ಹೋಗಿ, ನಿಂತು ನಿಂತು ಹೋಗಿ." ಅದಕ್ಕೇ ಶ್ರೀನಗರಕ್ಕೆ ಹಾರಿ, ಅಲ್ಲಿಂದ ಕಾರು ಹಿಡಿದೆವು.

ಇಳಿದ ತಕ್ಷಣ ತಮ್ಮನ ಫೋನು ಸತ್ತಿತು. ಹೊರ ರಾಜ್ಯದ ಪ್ರೀಪೇಯ್ಡ್ ಸಿಮ್ ಇಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಮಾತ್ರ. ನಾನು ಎರಡು ಸಲ ಹೇಳಿದ್ದೆ. ಮುಂದಿನ ಎಂಟು ದಿನ ಅವನು ನನ್ನ ಫೋನಿನ ಹಾಟ್‌ಸ್ಪಾಟ್ ಹಂಗಿನಲ್ಲಿ ಬದುಕಿದ.

ಶ್ರೀನಗರದಲ್ಲಿ ಸೆಕೆ ಎಂದರೆ ಸೆಕೆ. ಸಂಜೆ ಬಾದಾಮಿ ಬಾಗ್ ದಂಡು ಪ್ರದೇಶದ ಹೊರ ರಸ್ತೆಯಲ್ಲಿ ಹೋದೆವು. ಒಳಗೆ 92 ಬೇಸ್ ಆಸ್ಪತ್ರೆ ಇದೆ, ಅಪ್ಪ ಒಂದೂವರೆ ವರ್ಷ ಅಲ್ಲಿದ್ದರು. ಕಾಣಿಸಿದ್ದು ಗೋಡೆ, ಮುಳ್ಳುತಂತಿ, ಚಿನಾರ್ ಮರದ ತುದಿ. ತಮ್ಮ "ಇಷ್ಟೇನಾ ಅಕ್ಕ?" ಎಂದ. ಪ್ರವಾಸ ಪೂರ್ತಿ ಹೀಗೇ ಗೋಡೆ ನೋಡುವುದಾದರೆ ಎಂದು ನನಗೂ ಒಂದು ಕ್ಷಣ ಅನ್ನಿಸಿತು.

ಬೆಳಿಗ್ಗೆ ಬೇಗ ಎದ್ದರೆ ಗಲ್ಲಿಯ ಬ್ರೆಡ್ಡಿನ ಅಂಗಡಿಗೆ ಹೋಗಿ. ತಂದೂರಿನಿಂದ ಆಗ ತಾನೇ ತೆಗೆದ ಗಿರ್ದಾ, ಜೊತೆಗೆ ಗುಲಾಬಿ ಬಣ್ಣದ ಉಪ್ಪಿನ ಚಹಾ. ತಮ್ಮ ಒಂದು ಗುಟುಕು ಕುಡಿದು ಮುಖ ಸಿಂಡರಿಸಿದ. ನನಗೆ ಹಿಡಿಸಿತು. ಅಪ್ಪ ರಜೆಗೆ ಬಂದಾಗ ಚಹಾಕ್ಕೆ ಚಿಟಿಕೆ ಉಪ್ಪು ಹಾಕಿಕೊಳ್ಳುತ್ತಿದ್ದರು. ಅಜ್ಜಿ ಅದನ್ನು 'ಮಿಲ್ಟ್ರಿ ಹುಚ್ಚು' ಅನ್ನುತ್ತಿದ್ದರು.

ಎರಡನೇ ದಿನ: ಜೋಜಿ ಲಾ ದಾಟಿ ದ್ರಾಸ್

ಸೋನಾಮಾರ್ಗ್‌ವರೆಗೆ ರಸ್ತೆ ಚೆಂದ. ಸಿಂಧ್ ಹೊಳೆ ಪಕ್ಕದಲ್ಲೇ ಬರುತ್ತದೆ. (ಇದು ಸಿಂಧೂ ನದಿ ಅಲ್ಲ. ಅದು ನಾಲ್ಕನೇ ದಿನ ಸಿಗುತ್ತದೆ.) ಅಮರನಾಥ ಯಾತ್ರೆ ಶುರುವಾಗಲು ಕೆಲವೇ ದಿನ ಇತ್ತು. ಹೆಜ್ಜೆಗೊಬ್ಬ ಜವಾನ. ಸೋನಾಮಾರ್ಗ್ ದಾಟಿದ ಮೇಲೆ ಗಾಡಿಗಳ ಸಾಲು ನಿಂತೇಬಿಟ್ಟಿತು. ಮೂರು ಗಂಟೆ. ಮೊದಲು ಮಿಲಿಟರಿ ಕಾನ್ವಾಯ್, ಆಮೇಲೆ ಬಕರ್‌ವಾಲರ ಕುರಿಮಂದೆ, ಆಮೇಲೆ ಕೆಟ್ಟು ನಿಂತ ಒಂದು ಲಾರಿ. ಕುರಿಗಳು ಮಾತ್ರ ಯಾರ ಅಪ್ಪಣೆಗೂ ಕಾಯದೆ ಹತ್ತಿದವು. ಡಬ್ಬಿಯ ಕಡುಬು ಮುಗಿಯಿತು, ಉಪ್ಪಿನಕಾಯಿಯನ್ನು ಡ್ರೈವರ್‌ಗೂ ಕೊಟ್ಟೆವು. ಆತ ಕಾರ್ಗಿಲ್‌ನವ, ಮೂವತ್ತರ ಹುಡುಗ. ನನ್ನನ್ನು ದೀದಿ ಎಂದು ಕರೆಯುತ್ತಿದ್ದ. ಉಪ್ಪಿನಕಾಯಿ ತಿಂದು ಕಣ್ಣಲ್ಲಿ ನೀರು ಸುರಿಸಿಕೊಂಡು ಇನ್ನೊಂದು ಹೋಳು ಕೇಳಿದ.

ಜೋಜಿ ಲಾ 11,500 ಅಡಿ ದಾಟುತ್ತದೆ. ಆಮೇಲೆ ನೋಡಿದ ಘಾಟಿಗಳ ಲೆಕ್ಕದಲ್ಲಿ ಇದು ದೊಡ್ಡ ಎತ್ತರವಲ್ಲ, ಆದರೆ ಭಯ ಹುಟ್ಟಿಸುವುದರಲ್ಲಿ ಇದೇ ಮೊದಲು. ಒಂದು ಕಡೆ ಕಪ್ಪು ಬಂಡೆ, ಇನ್ನೊಂದು ಕಡೆ ಏನೂ ಇಲ್ಲ. ಹಿಮ ಕರಗಿ ರಸ್ತೆಯೇ ಹಳ್ಳವಾಗಿತ್ತು. ಕೆಳಗೆ ಬಾಲ್ತಲ್‌ನ ಟೆಂಟುಗಳು ಚೆಲ್ಲಿದ ಅವಲಕ್ಕಿಯ ಹಾಗೆ ಕಾಣುತ್ತಿದ್ದವು.

ಕೊಡಗಿನವರಿಗೆ ಈ ಘಾಟಿಯ ಹೆಸರು ಹೊಸದಲ್ಲ. 1948ರ ನವೆಂಬರ್ 1ರಂದು ಮೇಜರ್ ಜನರಲ್ ತಿಮ್ಮಯ್ಯ ಇದೇ ದಾರಿಯಲ್ಲಿ ಸ್ಟುವರ್ಟ್ ಟ್ಯಾಂಕುಗಳನ್ನು ಹತ್ತಿಸಿದ್ದು. ಆ ಎತ್ತರದಲ್ಲಿ ಟ್ಯಾಂಕು ಬರಬಹುದೆಂದು ಎದುರಾಳಿ ಕನಸಿನಲ್ಲೂ ಎಣಿಸಿರಲಿಲ್ಲ. ಸುಳಿವು ಸಿಗಬಾರದೆಂದು ಟ್ಯಾಂಕುಗಳ ಮೇಲ್ಭಾಗ ಬಿಚ್ಚಿ ಬಾಲ್ತಲ್‌ವರೆಗೆ ಗುಟ್ಟಾಗಿ ತಂದಿದ್ದರು. ಅಪ್ಪ ತನ್ನ ಕತೆ ಯಾವತ್ತೂ ಹೇಳಲಿಲ್ಲ. ತಿಮ್ಮಯ್ಯನ ಕತೆ ಮಾತ್ರ ಮಳೆಗಾಲದಲ್ಲಿ ಕರೆಂಟ್ ಹೋದಾಗೆಲ್ಲ ಹೇಳುತ್ತಿದ್ದರು. ಹೇಳುತ್ತಾ ಹೇಳುತ್ತಾ ಕತ್ತಲಲ್ಲೇ ನಮ್ಮ ಕೈ ಹುಡುಕಿ ಮಣಿಕಟ್ಟಿನ ಮೇಲೆ ಎರಡು ಬೆರಳು ಇಡುತ್ತಿದ್ದರು. ಅದು ಅವರಿಗೆ ಅಭ್ಯಾಸವಾಗಿತ್ತು.

ಘಾಟಿ ದಾಟಿದರೆ ಹಸಿರು ಮುಗಿದು ಬೋಳು ಬೆಟ್ಟ ಶುರು. ಮಾಟಾಯನ್ ಹಳ್ಳಿ ಕಳೆದು ದ್ರಾಸ್ ಮುಟ್ಟಿದಾಗ ನಾಲ್ಕೂವರೆ. ಊರಿನ ಫಲಕದಲ್ಲಿ 'ಜಗತ್ತಿನ ಎರಡನೇ ಅತಿ ಚಳಿಯ ಜನವಸತಿ' ಅಂತ ಬರೆದಿದ್ದಾರೆ. ಯಾರು ಅಳೆದರೋ ಏನೋ. ನಾವು ಹೋದ ಜೂನ್‌ನಲ್ಲೇ ಸಂಜೆಗೆ ಹಲ್ಲು ಕಟಕಟ ಅನ್ನುತ್ತಿತ್ತು, ಅಷ್ಟು ಸಾಕು.

ಕಾರ್ಗಿಲ್ ಯುದ್ಧ ಸ್ಮಾರಕ ಊರಾಚೆ, ತೋಲೋಲಿಂಗ್ ಬೆಟ್ಟದ ಬುಡದಲ್ಲಿದೆ. ಯುದ್ಧಕ್ಕೆ ಇಪ್ಪತ್ತೈದು ವರ್ಷ ತುಂಬಲು ಇನ್ನೊಂದು ತಿಂಗಳು. ಎಲ್ಲೆಲ್ಲೂ ಪೇಂಟಿನ ವಾಸನೆ. ತೋಲೋಲಿಂಗ್ ಎಷ್ಟು ಹತ್ತಿರ ಅಂದರೆ, ಕೆಳಗೆ ನಿಂತವನನ್ನು ಮೇಲಿನವನು ಬರಿಗಣ್ಣಲ್ಲಿ ಎಣಿಸಬಹುದು. ಆ ತುದಿಯಿಂದ ಗುಂಡು ಬೀಳುತ್ತಿದ್ದಾಗ ಅಪ್ಪ ಈ ಕಣಿವೆಯಲ್ಲೇ ಎಲ್ಲೋ ಒಂದು ಫೀಲ್ಡ್ ಆಂಬುಲೆನ್ಸ್‌ನಲ್ಲಿದ್ದರು. ಚಿಕ್ಕವರಿದ್ದಾಗ ಅಪ್ಪ ಆಂಬುಲೆನ್ಸ್ ಓಡಿಸುತ್ತಾರೆ ಎಂದುಕೊಂಡಿದ್ದೆವು. ಫೀಲ್ಡ್ ಆಂಬುಲೆನ್ಸ್ ಅಂದರೆ ಗಾಡಿಯಲ್ಲ, ಒಂದು ಇಡೀ ಯೂನಿಟ್ಟು. ಗಾಯಗೊಂಡವನನ್ನು ಮುಂಚೂಣಿಯಿಂದ ತಂದು, ರಕ್ತ ನಿಲ್ಲಿಸಿ, ಬದುಕಿಸಿಕೊಂಡು ಹಿಂದಿನ ಆಸ್ಪತ್ರೆಗೆ ಸಾಗಿಸುವುದು ಅದರ ಕೆಲಸ. ಆ ದಿನಗಳ ಬಗ್ಗೆ ಅಪ್ಪ ಒಂದೇ ಒಂದು ಮಾತು ಹೇಳಿದ್ದಾರೆ, ಅದೂ ಅಮ್ಮನ ಹತ್ತಿರ. "ರಾತ್ರಿ ಟಾರ್ಚ್ ಹಚ್ಚೋ ಹಾಗಿರ್ಲಿಲ್ಲ. ಕೈಯಲ್ಲೇ ತಡಕಿ ಗಾಯ ಎಲ್ಲಿದೆ ಅಂತ ನೋಡ್ತಿದ್ವಿ."

ಗೋಡೆಯ ಮೇಲೆ ಹೆಸರುಗಳು ರೆಜಿಮೆಂಟ್ ಪ್ರಕಾರ ಇವೆ. ಆ ಯುದ್ಧದಲ್ಲಿ ನಮ್ಮವರು 527 ಮಂದಿ ಸತ್ತರು. ತಮ್ಮ ಒಂದೊಂದೇ ಸಾಲು ಓದುತ್ತಾ ಹೋದ. ನಾನು ಬೆಂಚಿನ ಮೇಲೆ ಕೂತಿದ್ದೆ. ಗಾಯಗೊಂಡವರ ಸರ್ಕಾರಿ ಲೆಕ್ಕ 1,363. ಅವರ ಹೆಸರು ಇಲ್ಲಿಲ್ಲ, ಇರಬೇಕಾಗಿಯೂ ಇಲ್ಲ, ಮನೆಗೆ ಹೋದರಲ್ಲ. ಅಪ್ಪನ ಕೆಲಸವೆಲ್ಲ ಆ ಕಾಣದ ಪಟ್ಟಿಯಲ್ಲಿದೆ ಎಂದು ತಮ್ಮನಿಗೆ ಹೇಳಿದೆ. ಅವನು ಓದುವುದು ನಿಲ್ಲಿಸಿ ಬೆಟ್ಟ ನೋಡಿದ. "ಆ ಜೂನ್‌ನಲ್ಲಿ ನಂಗೆ ಹತ್ತು ವರ್ಷ. ಒಂದು ಕಾಗದ ಬಂದಿತ್ತು. ಅದ್ರಲ್ಲಿ ನನ್ ಬಗ್ಗೆ ಒಂದು ಸಾಲೂ ಇರ್ಲಿಲ್ಲ ಗೊತ್ತಾ? ನಿನ್ ಕೆಮ್ಮಿನ ಬಗ್ಗೆ ಇತ್ತು" ಎಂದ. ನಿಜ. ಆ ಕಾಗದ ಇವತ್ತಿಗೂ ಇದೆ. 'ಮಗಳ ಕೆಮ್ಮು ಹೇಗಿದೆ. ಮಳೆ ಶುರುವಾಗಿರಬೇಕು, ನೀರು ಕುದಿಸಿ ಕುಡಿಯಿರಿ.' ಯುದ್ಧದ ವಿಷಯ ಒಂದಕ್ಷರ ಇಲ್ಲ.

ರಾತ್ರಿ ದ್ರಾಸ್‌ನಲ್ಲೇ ಉಳಿದೆವು. ಹೋಟೆಲ್ ಎದುರಿನ ಅಂಗಡಿಯಲ್ಲಿ ರಾಜ್ಮಾ, ಅನ್ನ. ಅಂಗಡಿಯ ಯಜಮಾನರಿಗೆ ಅರವತ್ತರ ಮೇಲಾಗಿತ್ತು. ಶಿನಾ ಮಾತಾಡುವವರು, ನಮ್ಮ ಜೊತೆ ಹಿಂದಿ. ಯುದ್ಧದ ಸಮಯದಲ್ಲಿ ಏನು ಮಾಡಿದಿರಿ ಎಂದು ಕೇಳಿದೆ. ಹೆಂಡತಿ ಮಕ್ಕಳನ್ನು ಬೇರೆ ಕಣಿವೆಗೆ ಕಳಿಸಿ, ಹಸು ಬಿಟ್ಟು ಬರಲಾಗದೆ ತಾನೊಬ್ಬನೇ ಉಳಿದೆ ಎಂದರು. ಹಸು ಬದುಕಿತೇ ಎಂದು ತಮ್ಮ ಕೇಳಿದ. "ಅದು ಇನ್ನೂ ಆರು ವರ್ಷ ಹಾಲು ಕೊಟ್ಟಿತು" ಎಂದು ಜೋರಾಗಿ ನಕ್ಕರು.

ಮೂರನೇ ದಿನ: ಲಾಮಾಯುರು

ದ್ರಾಸ್‌ನಿಂದ ಕಾರ್ಗಿಲ್ ಅರವತ್ತು ಕಿಲೋಮೀಟರು. ಸುರು ನದಿಯ ದಡದ ಪೇಟೆಯಲ್ಲಿ ಒಣ ಜರ್ದಾಳು ಕೊಂಡೆವು. ಬೀಜ ಇರುವುದನ್ನೇ ಕೊಳ್ಳಿ, ಬೀಜ ಒಡೆದರೆ ಒಳಗಿನ ತಿರುಳು ಬಾದಾಮಿಯ ಹಾಗಿರುತ್ತದೆ. ಕಹಿ ಬಂದರೆ ಉಗುಳಿಬಿಡಿ. ಮುಲ್ಬೇಖ್‌ನಲ್ಲಿ ಬಂಡೆಯಲ್ಲಿ ಕೆತ್ತಿದ ಎತ್ತರದ ಮೈತ್ರೇಯ ಬುದ್ಧನನ್ನು ನೋಡಿ, ನಮಿಕಾ ಲಾ ಹತ್ತಿ ಇಳಿದು, ಫೋಟು ಲಾಕ್ಕೆ ಬಂದೆವು. 13,479 ಅಡಿ. ಶ್ರೀನಗರ-ಲೇಹ್ ದಾರಿಯಲ್ಲಿ ಇದಕ್ಕಿಂತ ಎತ್ತರವಿಲ್ಲ. ತಲೆ ಕಟ್ಟಿದಂತಾಯಿತು.

ಅಲ್ಲೇ ಟಯರ್ ಪಂಕ್ಚರ್. ಡ್ರೈವರ್ ಹುಡುಗ ಜ್ಯಾಕ್ ಹಾಕುತ್ತಿದ್ದ. ತಮ್ಮ ನೆರವಿಗೆ ಹೋಗಿ ಎರಡು ನಟ್ಟು ಬಿಚ್ಚುವಷ್ಟರಲ್ಲಿ ಏದುಸಿರು ಬಿಟ್ಟು ಕೂತ. ನನಗೆ ನಗು ಬಂತು. ಮಾರನೇ ದಿನ ಬರಲಿಲ್ಲ.

ನಾಲ್ಕನೇ ದಿನ: ಲೇಹ್, ಮತ್ತು ಒಂದು ಕೆಟ್ಟ ರಾತ್ರಿ

ನಿಮ್ಮು ಹತ್ತಿರ ಜನ್‌ಸ್ಕಾರ್ ನದಿ ಬಂದು ಸಿಂಧೂವನ್ನು ಸೇರುವುದನ್ನು ರಸ್ತೆಯಿಂದಲೇ ನೋಡಬಹುದು. ಎರಡು ಬಣ್ಣದ ನೀರು ಸ್ವಲ್ಪ ದೂರ ಒಂದನ್ನೊಂದು ಮುಟ್ಟದೆ ಹರಿಯುತ್ತವೆ. ಮಧ್ಯಾಹ್ನಕ್ಕೆ ಲೇಹ್.

ಅಪ್ಪನ ನಿಯಮ ಬಾಯಿಪಾಠವಾಗಿತ್ತು. ಸೇನೆಯಲ್ಲಿ 12,000 ಅಡಿವರೆಗಿನ ಜಾಗಕ್ಕೆ ಬಂದವರಿಗೆ ಆರು ದಿನ ಮೈ ಒಗ್ಗಿಸುವ ಕ್ರಮವಿದೆ. ಮೊದಲೆರಡು ದಿನ ಪೂರ್ತಿ ವಿಶ್ರಾಂತಿ, ಆಮೇಲೆ ನಿಧಾನ ನಡಿಗೆ, ಆಮೇಲಷ್ಟೇ ಸಣ್ಣ ಏರು. 15,000 ಅಡಿವರೆಗೆ ಹೋಗಬೇಕಾದರೆ ಇನ್ನೂ ನಾಲ್ಕು ದಿನ. ಅದಕ್ಕೂ ಮೇಲೆ ಮತ್ತೆ ನಾಲ್ಕು. ಎಂಥ ಗಟ್ಟಿ ಆಳಿಗೂ ರಿಯಾಯಿತಿ ಇಲ್ಲ. "ಗಟ್ಟಿ ಆಳುಗಳೇ ಮೊದಲು ಬೀಳೋದು, ಅವ್ರು ಹೇಳೋದೇ ಇಲ್ಲ" ಅನ್ನುತ್ತಿದ್ದರು.

ಪ್ರವಾಸಿಗಳಿಗೆ ಅಷ್ಟು ರಜೆ ಎಲ್ಲಿರುತ್ತದೆ? ಎರಡು ದಿನವಾದರೂ ಸುಮ್ನೆ ಬಿದ್ದುಕೊಳ್ಳೋಣ ಅಂದಿದ್ದೆ. ನಾನು ಮಲಗಿ ಎದ್ದು ನೋಡಿದರೆ ತಮ್ಮ ನಾಪತ್ತೆ. ಶಾಂತಿ ಸ್ತೂಪದ ಮೆಟ್ಟಿಲು ಹತ್ತಿ ಸೂರ್ಯಾಸ್ತದ ಫೋಟೋ ತೆಗೆದು, ಮುಖ ಕೆಂಪಗೆ ಮಾಡಿಕೊಂಡು ಬಂದ. ಐನೂರಕ್ಕೂ ಜಾಸ್ತಿ ಮೆಟ್ಟಿಲು. "ಏನೂ ಆಗ್ಲಿಲ್ಲ ನೋಡು" ಎಂದ.

ರಾತ್ರಿ ಒಂದೂವರೆಗೆ ವಾಂತಿ ಶುರುವಾಯಿತು. ತಲೆ ಒಡೆದುಹೋಗುತ್ತಿದೆ ಅಂದ. ಮಲಗಿದರೆ ಕೆಮ್ಮು. ನನ್ನ ಕೈ ತನ್ನಷ್ಟಕ್ಕೆ ಅವನ ಮಣಿಕಟ್ಟಿಗೆ ಹೋಯಿತು. ಅಪ್ಪನ ವಾಚು ಬೆಳಕಿಗೆ ಹಿಡಿದೆ. ಮೂವತ್ತು ಸೆಕೆಂಡಿಗೆ 58, ಅಂದರೆ ನಿಮಿಷಕ್ಕೆ 116. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ 74 ತೋರಿಸಿತು. ಎತ್ತರದಲ್ಲಿ 85, 88 ಇದ್ದರೆ ಯಾರೂ ಹೆದರುವುದಿಲ್ಲ. ಇದು ಹೆದರಬೇಕಾದ ನಂಬರು. ಶ್ವಾಸಕೋಶದಲ್ಲಿ ನೀರು ತುಂಬುವುದಕ್ಕೆ ಸೇನೆಯವರು ಹೇಪೋ ಅನ್ನುತ್ತಾರೆ. ಮನೆಯಲ್ಲಿ ಚಿಕ್ಕಂದಿನಿಂದ ಕೇಳಿದ ಪದ. ಗುಮ್ಮ ಬರ್ತಾನೆ ಅನ್ನುವ ಬದಲು ಹೇಪೋ ಬರುತ್ತೆ ಅಂತ ನಾನು ತಮ್ಮನನ್ನು ಹೆದರಿಸುತ್ತಿದ್ದೆ.

ಹೋಟೆಲ್ ಹುಡುಗ ಗಾಡಿ ತೆಗೆದ. ಸರ್ಕಾರಿ ಆಸ್ಪತ್ರೆ ಹತ್ತು ನಿಮಿಷದ ದಾರಿ. ಆ ಹೊತ್ತಿನಲ್ಲೂ ನಮ್ಮ ಹಾಗೇ ಮೂವರು ಪ್ರವಾಸಿಗಳು ಮೂಗಿಗೆ ಆಕ್ಸಿಜನ್ ಹಾಕಿಕೊಂಡು ಮಲಗಿದ್ದರು. ಡಾಕ್ಟರ್ ಎದೆಗೆ ಸ್ಟೆತ್ ಇಟ್ಟು ನೋಡಿ, ಹೇಪೋ ಆಗಿಲ್ಲ, ಆದರೆ ಬೆಳಗಿನವರೆಗೆ ಕಾಯುತ್ತಾ ಕೂತಿದ್ದರೆ ಆಗುತ್ತಿತ್ತು ಎಂದರು. ಆಮೇಲಿನದೆಲ್ಲ ಒಬ್ಬ ನರ್ಸ್‌ನ ಕೈಯಲ್ಲಿ. ಲಡಾಖಿ ಗಂಡಸು, ನಲವತ್ತರ ಆಸುಪಾಸು. ತಲೆದಿಂಬು ಎತ್ತರ ಮಾಡಿದರು, ವಾಂತಿ ಒರೆಸಿದರು. ಅರ್ಧ ಗಂಟೆಗೊಮ್ಮೆ ಬಂದು ಕೈಯ ಹಿಂಬದಿಯನ್ನು ಕತ್ತಿಗೆ ತಾಗಿಸಿ, ಏನೂ ಮಾತಾಡದೆ ಹೋಗುತ್ತಿದ್ದರು. ನಾಲ್ಕು ಗಂಟೆಗೆ ಒಂದು ಸಲ ಹಾಸಿಗೆಯ ಬಟ್ಟೆ ಬದಲಿಸಿದರು. ರೋಗಿಯನ್ನು ಎಬ್ಬಿಸದೆ, ಒಂದು ಮಗ್ಗುಲಿಗೆ ಉರುಳಿಸಿ, ಹಳೆಯದನ್ನು ಸುತ್ತಿ ತೆಗೆದು, ಹೊಸದನ್ನು ಹರಡಿ, ಮೂಲೆಯನ್ನು ಕೋನವಾಗಿ ಮಡಚಿ ಒಳಗೆ ತಳ್ಳಿದರು. ಎರಡು ನಿಮಿಷ. ನಮ್ಮನೆಯ ಹಾಸಿಗೆಗಳ ಮೂಲೆ ಇವತ್ತಿಗೂ ಹಾಗೇ ಇರುತ್ತದೆ.

ತಮ್ಮ ಕಣ್ಣು ಬಿಟ್ಟು ಅದನ್ನೇ ನೋಡುತ್ತಿದ್ದ. ನನ್ನ ಕಡೆ ತಿರುಗಿ, ಮಾಸ್ಕಿನೊಳಗಿಂದ, "ಇವ್ರಿಗೂ ಮಗ ಇರ್ಬೋದು ಅಲ್ವಾ" ಎಂದ. ಸ್ವಲ್ಪ ಹೊತ್ತಿನ ಮೇಲೆ, "ಅವ್ನು ಮನೇಲಿ ಒಬ್ನೇ ಮಲಗಿರ್ತಾನೆ" ಎಂದ.

ಐದನೇ ಮತ್ತು ಆರನೇ ದಿನ: ಲೇಹ್‌ನಲ್ಲೇ

ಮಲಗಿದ್ದು, ಥುಕ್ಪಾ ಕುಡಿದದ್ದು, ಮತ್ತೆ ಮಲಗಿದ್ದು. ಪ್ಯಾಂಗಾಂಗ್ ಸರೋವರ ಕೈಬಿಟ್ಟೆವು. ಬೇಸರವಿಲ್ಲ. ಪೇಟೆಯ ಗಲ್ಲಿಯಲ್ಲಿ ಖಂಬೀರ್ ಅನ್ನುವ ದಪ್ಪ ರೊಟ್ಟಿ ಸಿಗುತ್ತದೆ. ಬೆಣ್ಣೆ, ಜರ್ದಾಳು ಜಾಮ್ ಸವರಿಕೊಂಡು ತಿಂದರೆ ಅಕ್ಕಿರೊಟ್ಟಿಗೂ ಸಮ ಬರಬಹುದು ಅಂತ ನಾನು, ಸಾಧ್ಯವೇ ಇಲ್ಲ ಅಂತ ತಮ್ಮ. ಜಗಳಾಡುವಷ್ಟು ಚೇತರಿಸಿಕೊಂಡಿದ್ದ.

ಆ ಗಡಿಬಿಡಿಯಲ್ಲಿ ವಾಚಿಗೆ ಕೀ ಕೊಡುವುದು ಮರೆತಿದ್ದೆ. ಐದು ಗಂಟೆ ಹತ್ತು ನಿಮಿಷಕ್ಕೆ ನಿಂತಿತ್ತು.

ಮಂಚದ ಮೇಲೆ ಕೂತು ಹಳೆಯ ವಿಷಯಗಳೆಲ್ಲ ಬಂದವು. 1996ರಲ್ಲಿ ನನಗೆ ಟೈಫಾಯ್ಡ್ ಆಗಿತ್ತು. ಅಪ್ಪ ರಜೆಯಲ್ಲಿದ್ದರು. ಕ್ಯಾಲೆಂಡರಿನ ಹಾಳೆ ತಿರುಗಿಸಿ, ಸ್ಕೇಲಿನಿಂದ ಗೆರೆ ಎಳೆದು, ಜ್ವರ, ನಾಡಿ, ಉಸಿರು ಮೂರನ್ನೂ ನಾಲ್ಕು ಗಂಟೆಗೊಮ್ಮೆ ಬರೆಯುತ್ತಿದ್ದರು. ರಜೆ ಮುಗಿದ ದಿನ ನನಗೆ 103 ಜ್ವರ. ಅಪ್ಪ ಹೊರಟರು. ಚಾರ್ಟ್ ಬರೆಯುವುದನ್ನು ಅಮ್ಮನಿಗೆ ಕಲಿಸಿ, ಮುಂದಿನ ಹದಿನೈದು ದಿನದ ಗೆರೆ ಮೊದಲೇ ಎಳೆದಿಟ್ಟು ಹೋದರು. ಅಮ್ಮ ತುಂಬಿಸಿದ ಚಾರ್ಟನ್ನು ಕಾಗದದಲ್ಲಿ ನಕಲು ಮಾಡಿ ಕಳಿಸಿದರು. ಅಪ್ಪ ಅದನ್ನು ತಿದ್ದಿ ವಾಪಸ್ ಕಳಿಸಿದರು. ಅಷ್ಟರಲ್ಲಿ ನಾನು ಶಾಲೆಗೆ ಹೋಗುತ್ತಿದ್ದೆ. ಈ ಕತೆಯನ್ನು ನಾನು ಯಾವಾಗಲೂ ದೂರಿನ ಹಾಗೆ ಹೇಳುತ್ತಿದ್ದೆ. ಆ ಮಧ್ಯಾಹ್ನ ಹೇಳುವಾಗ ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಏಳನೇ ದಿನ: ಖರ್ದುಂಗ್ ಲಾ, ನುಬ್ರಾ

ಮೊದಲು ಆನ್‌ಲೈನ್‌ನಲ್ಲಿ ಪರಿಸರ ಶುಲ್ಕ ಕಟ್ಟಿ, ರಸೀದಿಯ ನಾಲ್ಕೈದು ಪ್ರತಿ ತೆಗೆದಿಟ್ಟುಕೊಳ್ಳಿ, ಚೆಕ್‌ಪೋಸ್ಟಿನಲ್ಲಿ ಕೇಳುತ್ತಾರೆ. ತಮ್ಮನ ಆಕ್ಸಿಜನ್ 90ಕ್ಕೆ ಬಂದಿತ್ತು. ಡಾಕ್ಟರನ್ನು ಕೇಳಿಯೇ ಹೊರಟೆವು. ಖರ್ದುಂಗ್ ಲಾದ ಎತ್ತರವನ್ನು ಅಲ್ಲಿನ ಫಲಕ ಸ್ವಲ್ಪ ಧಾರಾಳವಾಗಿ ಹೇಳುತ್ತದೆ. ಅಳತೆ ಮಾಡಿದವರ ಪ್ರಕಾರ ಅದು 17,580 ಅಡಿಯ ಆಸುಪಾಸು. ಅಲ್ಲಿ ಫೋಟೋಗೆ ಸಾಲು ನಿಲ್ಲುವವರನ್ನು ನೋಡಿದರೆ ಅಪ್ಪ ಬೈಯುತ್ತಿದ್ದರು. ನಾವು ಐದೇ ನಿಮಿಷ ನಿಂತು ಇಳಿದೆವು.

ಕೆಳಗೆ ನುಬ್ರಾ. ದಾರಿಯುದ್ದಕ್ಕೂ ಕಾಡು ಗುಲಾಬಿ ಪೊದೆಗಳು ಹೂ ಬಿಟ್ಟು ನಿಂತಿದ್ದವು. ಇಲ್ಲಿನ ಮಾತಿನಲ್ಲಿ ಸಿಯಾ ಅಂದರೆ ಗುಲಾಬಿ, ಸಿಯಾಚಿನ್ ಅಂದರೆ ಗುಲಾಬಿ ತುಂಬಿದ ಜಾಗ. ನುಬ್ರಾ ನದಿ ಹುಟ್ಟುವುದೇ ಆ ಹಿಮನದಿಯಲ್ಲಿ. 1984ರ ಏಪ್ರಿಲ್ 13ರಿಂದ ನಮ್ಮ ಸೇನೆ ಅಲ್ಲಿದೆ. ಅಪ್ಪ 1987ರಿಂದ 89ರವರೆಗೆ ಪರ್ತಾಪುರದ ಆಸ್ಪತ್ರೆಯಲ್ಲಿದ್ದರು. ಹಿಮನದಿಯಿಂದ ಹೆಲಿಕಾಪ್ಟರ್ ಇಳಿಸಿದವರೆಲ್ಲ ಅಲ್ಲಿಗೇ ಬರುತ್ತಿದ್ದರು. ತಮ್ಮ ಹುಟ್ಟಿದ ಟೆಲಿಗ್ರಾಂ ಅಪ್ಪನಿಗೆ ಸಿಕ್ಕಿದ್ದು ಹನ್ನೊಂದು ದಿನ ತಡವಾಗಿ.

ಹುಂಡರ್‌ನಲ್ಲಿ ಒಂದು ಮನೆಯಲ್ಲಿ ಉಳಿದೆವು. ಮನೆಯ ಹುಡುಗಿ ನನ್ನನ್ನು ನೋಡಿ "ಅಚೆ-ಲೇ, ಅಚೆ-ಲೇ" ಎಂದು ಕರೆದಳು. ಆಚೆ ಹೋಗು ಅನ್ನುತ್ತಿದ್ದಾಳೇನೋ ಎಂದು ನಾನು ಬಾಗಿಲ ಹೊರಗೇ ನಿಂತೆ. ಲಡಾಖಿಯಲ್ಲಿ ಅಚೆ ಅಂದರೆ ಅಕ್ಕ.

ಎಂಟನೇ ದಿನ: ಪರ್ತಾಪುರ

ಹುಂಡರ್‌ನಿಂದ ತುರ್ತುಕ್ ದಾರಿಯಲ್ಲಿ ಸ್ವಲ್ಪ ಮುಂದೆ ಹೋದರೆ ಪರ್ತಾಪುರ. ಫೋಟೋ ತೆಗೆಯುವ ಹಾಗಿಲ್ಲ, ನಿಲ್ಲುವ ಹಾಗೂ ಇಲ್ಲ. ಡ್ರೈವರ್ ಗಾಡಿ ನಿಧಾನ ಮಾಡಿದ. ಮತ್ತೆ ಗೋಡೆ, ತಗಡಿನ ಮಾಡು, ಸಾಲು ಪಾಪ್ಲರ್ ಮರ. ಈ ಸಲ ತಮ್ಮ 'ಇಷ್ಟೇನಾ' ಅನ್ನಲಿಲ್ಲ.

ನನಗೆ 2016ರ ಫೆಬ್ರವರಿ ನೆನಪಾಯಿತು. 19,600 ಅಡಿಯ ಸೋನಂ ಪೋಸ್ಟ್ ಮೇಲೆ ಹಿಮ ಕುಸಿದು ಹತ್ತು ಮಂದಿ ಹೂತುಹೋದರು. ಮದ್ರಾಸ್ ರೆಜಿಮೆಂಟಿನವರು, ಮೂವರು ನಮ್ಮ ಕರ್ನಾಟಕದವರು. ಅಪ್ಪ ಟಿವಿ ಮುಂದಿನಿಂದ ಏಳಲೇ ಇಲ್ಲ. ಆರನೇ ದಿನ ಕುಂದಗೋಳ ತಾಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಜೀವಂತ ಸಿಕ್ಕಾಗ ಊರೇ ಕುಣಿಯಿತು. ಅಪ್ಪ ಮಾತ್ರ "ಇನ್ನು ನರ್ಸುಗಳ ಕೆಲಸ" ಎಂದರು. ಫೆಬ್ರವರಿ 11ರಂದು ದಿಲ್ಲಿಯ ಸೇನಾ ಆಸ್ಪತ್ರೆಯಲ್ಲಿ ಹನುಮಂತಪ್ಪ ತೀರಿಕೊಂಡರು. ಮಾರನೇ ದಿನ ಪೇಪರಿನಲ್ಲಿ ಹತ್ತೂ ಹೆಸರು ಬಂದಿತ್ತು. ಅಪ್ಪ ಒಂದು ಹೆಸರಿನ ಮೇಲೆ ಬೆರಳಿಟ್ಟರು. ಸಾತಾರಾ ಕಡೆಯ ಹುಡುಗ, ನರ್ಸಿಂಗ್ ಅಸಿಸ್ಟೆಂಟ್. "ಪ್ರತಿ ಪೋಸ್ಟಲ್ಲೂ ನಮ್ಮವನು ಒಬ್ಬ ಇರ್ತಾನೆ" ಎಂದಷ್ಟೇ ಹೇಳಿ ತೋಟಕ್ಕೆ ಹೋದರು. ಕತ್ತಲಾಗುವವರೆಗೆ ಬರಲಿಲ್ಲ.

ಸಂಜೆ ಹುಂಡರ್‌ನ ಮನೆಯ ಅಜ್ಜ ಜಗಲಿಯಲ್ಲಿ ಬಿಸಿಲು ಕಾಯಿಸುತ್ತಿದ್ದರು. ಇಲ್ಲಿ ಅಜ್ಜನಿಗೆ ಮೇಮೆ-ಲೇ ಅನ್ನುತ್ತಾರೆ. ಅವರ ಎಡಗೈಯ ಎರಡು ಬೆರಳಿಗೆ ತುದಿ ಇರಲಿಲ್ಲ. ಹಿಂದೆ ಸೇನೆಗೆ ಹಿಮನದಿಯ ಮೇಲೆ ಸೀಮೆಎಣ್ಣೆ, ಅಕ್ಕಿ ಹೊರುತ್ತಿದ್ದರಂತೆ. ಬೆರಳು ಹೆಪ್ಪುಗಟ್ಟಿ ಕಪ್ಪಗಾದಾಗ ಪರ್ತಾಪುರಕ್ಕೆ ಇಳಿಸಿದರು. "ನಾನು ಬುಖಾರಿ ಒಲೆಗೆ ಕೈ ಹಿಡಿಯೋಕೆ ಹೋದೆ. ಅಲ್ಲಿದ್ದ ಒಬ್ಬ ಮದ್ರಾಸಿ ಕೈ ಮೇಲೆ ಹೊಡೆದ!" ಬೆಂಕಿಗೆ ಹಿಡಿಯಬಾರದು, ಉಜ್ಜಬಾರದು, ಉಗುರುಬೆಚ್ಚಗಿನ ನೀರಲ್ಲೇ ಇಡಬೇಕು. ಅದು ನನಗೂ ಗೊತ್ತಿತ್ತು, ಯಾರು ಕಲಿಸಿದ್ದು ಎಂದು ಹೇಳಬೇಕಾಗಿಲ್ಲ. ಆ ಮನುಷ್ಯ ರಾತ್ರಿಯಿಡೀ ಪಕ್ಕದಲ್ಲಿ ಕೂತು, ನೀರು ಆರಿದ ಹಾಗೆಲ್ಲ ಬಿಸಿ ನೀರು ಬೆರೆಸುತ್ತಿದ್ದನಂತೆ. ಎರಡು ತುದಿ ಹೋದವು, ಎಂಟು ಬೆರಳು ಉಳಿದವು.

ಇಲ್ಲಿನ ಹಳಬರಿಗೆ ದಕ್ಷಿಣದವರೆಲ್ಲ ಮದ್ರಾಸಿಗಳೇ. ಯಾವ ವರ್ಷ ಎಂದು ತಮ್ಮ ಕೇಳಿದ. ಅಜ್ಜನಿಗೆ ನೆನಪಿಲ್ಲ. ತಮ್ಮ ಪರ್ಸಿನಿಂದ ಅಪ್ಪನ ಫೋಟೋ ತೆಗೆದ. ಅವನು ಅದನ್ನು ಪರ್ಸಿನಲ್ಲಿ ಇಟ್ಟುಕೊಂಡಿದ್ದಾನೆಂದು ನನಗೆ ಗೊತ್ತಾಗಿದ್ದೇ ಆಗ. ಮೇಮೆ-ಲೇ ಫೋಟೋವನ್ನು ದೂರ ಹಿಡಿದು, ಹತ್ತಿರ ಹಿಡಿದು, ಬಿಸಿಲಿಗೆ ತಿರುಗಿಸಿ ನೋಡಿದರು. ನನ್ನ ಜೀವ ಬಾಯಿಗೆ ಬಂದಿತ್ತು.

"ಹೇಳೋಕಾಗಲ್ಲ ಬೇಟಾ" ಎಂದರು. "ಎಲ್ಲರೂ ಮಂಕಿ ಕ್ಯಾಪ್ ಹಾಕಿರ್ತಿದ್ರು. ಕಣ್ಣು ಮಾತ್ರ ಕಾಣ್ತಿತ್ತು."

ಫೋಟೋ ವಾಪಸ್ ಕೊಟ್ಟು, ಒಳಗೆ ಹೋಗಿ ಬೆಣ್ಣೆ ಚಹಾ ತರಿಸಿದರು. ಉಪ್ಪಿನ ಚಹಾ. ತಮ್ಮ ಈ ಸಲ ಪೂರ್ತಿ ಕುಡಿದ.

ಒಂಬತ್ತನೇ ದಿನ: ದಿಸ್ಕಿತ್

ಲೇಹ್‌ಗೆ ವಾಪಸ್ ಬರುವ ದಾರಿಯಲ್ಲಿ ದಿಸ್ಕಿತ್ ಅಂಚೆ ಕಚೇರಿಯಲ್ಲಿ ನಿಲ್ಲಿಸಿ ಒಂದು ಇನ್‌ಲ್ಯಾಂಡ್ ಲೆಟರ್ ಕೊಂಡೆ. ಕಾರಿನ ಬಾನೆಟ್ ಮೇಲಿಟ್ಟುಕೊಂಡು ಅಮ್ಮನಿಗೆ ಬರೆದೆ. ಏನು ಬರೆಯಬೇಕೋ ತೋಚಲಿಲ್ಲ. ಆಸ್ಪತ್ರೆಯ ರಾತ್ರಿ ಬರೆಯುವ ಹಾಗಿಲ್ಲ. ಪರ್ತಾಪುರದ ಗೋಡೆಯನ್ನು ಬರೆದು ಏನು ಮಾಡುವುದು? 'ನಾವಿಬ್ಬರೂ ಕ್ಷೇಮ. ಇಲ್ಲಿ ಗುಲಾಬಿ ಬಿಟ್ಟಿದೆ. ನಿನ್ನ ಮಂಡಿ ನೋವು ಹೇಗಿದೆ. ಮಳೆ ಜೋರಾಗಿರಬೇಕು, ನೀರು ಕುದಿಸಿ ಕುಡಿ' ಎಂದು ಬರೆದು ಮಡಚಿ ಅಂಟಿಸಿದೆ. ತಮ್ಮ ಕಿತ್ತುಕೊಂಡು ಹಿಂಬದಿಯಲ್ಲಿ ತನ್ನ ಹೆಸರೂ ಸೇರಿಸಿದ.

ನಾವು ಊರು ತಲುಪಿ, ರಜೆ ಮುಗಿಸಿ, ನಾನು ಬೆಂಗಳೂರಿಗೂ ಅವನು ಮೈಸೂರಿಗೂ ಹೋಗಿ ಒಂದು ವಾರವಾದ ಮೇಲೆ ಅಮ್ಮ ಫೋನ್ ಮಾಡಿದರು.

"ಕಾಗದ ಇವತ್ತು ಬಂತು ಕಣೇ. ಮನೆಗೆ ಬಂದು ಉಂಡು ಮಲಗಿ ಹೋದ್ಮೇಲೆ ಕ್ಷೇಮ ಅಂತ ಬರೆದಿದೀರ. ಅದೇ ಬುದ್ಧಿ." ಸ್ವಲ್ಪ ಹೊತ್ತು ಮಾತಿಲ್ಲ. ಹಿಂದೆ ಹಂಚಿನ ಮೇಲೆ ಮಳೆ ಸುರಿಯುವುದು ಕೇಳುತ್ತಿತ್ತು. "ನೀರು ಕುದಿಸಿ ಕುಡಿ ಅಂತೆ. ಸೌದೆ ಎಲ್ಲಾ ಒದ್ದೆ ಇಲ್ಲಿ, ನಿಮಗೇನು ಗೊತ್ತು."